ಸರ್ಕಾರಿ ಜಾಗವೋ, ರೈತರ ಹೊಲವೋ: ಸೌತ್ ಡಕೋಟಾದಲ್ಲಿ ನಾಯಿ ಜೊತೆ ಫೆಸೆಂಟ್ ಬೇಟೆ

ಫೆಸೆಂಟ್ ಅಂದರೆ ಕೋಳಿ ಜಾತಿಯ ಒಂದು ಹಕ್ಕಿ. ಅದನ್ನು ಸುಲಿಯುವಾಗ ನಾನು ಮೊದಲು ಬಿಡಿಸಿ ನೋಡುವುದು ಅದರ ಕೊರಳ ಚೀಲವನ್ನು. ನುಂಗಿದ ಕಾಳು ಹೊಟ್ಟೆಗೆ ಇಳಿಯುವ ಮೊದಲು ಅಲ್ಲಿ ಕೂತಿರುತ್ತದೆ. ಹೋದ ವರ್ಷ ದುಡ್ಡು ಕೊಟ್ಟು ಹೋಗಿದ್ದ ಹೊಲದಲ್ಲಿ ಹೊಡೆದ ಹುಂಜದ ಚೀಲದಲ್ಲಿ ಬರೀ ಮೆಕ್ಕೆಜೋಳ, ಒಂದು ಮುಷ್ಟಿ ತುಂಬ. ಡಿಸೆಂಬರಿನಲ್ಲಿ ಸರ್ಕಾರಿ ಜೌಗಿನಲ್ಲಿ ಹೊಡೆದ ಹುಂಜದ ಚೀಲದಲ್ಲಿ ಹುಲ್ಲಿನ ಬೀಜ, ಕಳೆಯ ಬೀಜ, ಜೊತೆಗೆ ನಾಲ್ಕೇ ನಾಲ್ಕು ಮೆಕ್ಕೆಜೋಳ. ಆ ನಾಲ್ಕು ಕಾಳನ್ನು ಅಂಗೈ ಮೇಲೆ ಇಟ್ಟುಕೊಂಡು ಸುತ್ತ ನೋಡಿದೆ. ಹತ್ತಿರದ ಮೆಕ್ಕೆಜೋಳದ ಹೊಲ ಇದ್ದದ್ದು ಪೂರ್ವಕ್ಕೆ, ಅರ್ಧ ಮೈಲಿ ದೂರ. ಅಂದರೆ ಹಕ್ಕಿಗಳು ಅಲ್ಲಿ ಮೇಯ್ದು ಸಂಜೆ ಪೂರ್ವದ ಅಂಚಿನಿಂದಲೇ ಜೊಂಡಿಗೆ ವಾಪಸ್ ಬರುತ್ತವೆ. ಮಾರನೇ ದಿನ ಸಂಜೆ ನಾನೂ ನನ್ನ ನಾಯಿಯೂ ಆ ಅಂಚಿನಲ್ಲೇ ಇದ್ದೆವು. ಎರಡು ಹುಂಜ ಸಿಕ್ಕವು.

ನಾನು ಕೊಪ್ಪದ ಕಡೆಯವನು. ಈಗ ಅಮೆರಿಕದ ಮಿನ್ನಿಯಾಪೊಲಿಸ್ ಹತ್ತಿರ ಇದ್ದೇನೆ. ಅಲ್ಲಿಂದ ಸೌತ್ ಡಕೋಟಾ ರಾಜ್ಯದ ಹ್ಯುರಾನ್, ರೆಡ್‌ಫೀಲ್ಡ್ ಕಡೆಗೆ ಕಾರಿನಲ್ಲಿ ಹೆಚ್ಚು ಕಡಿಮೆ ಐದು ಗಂಟೆ ದಾರಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಷಿಕಾರಿ ನಿಂತುಹೋಯಿತು. ಹಾಗಾಗಿ ಕೋವಿ, ಈಡು (ಗುಂಡೇಟು), ಚರೆ (ತೋಟಾದೊಳಗಿನ ಸಣ್ಣ ಗುಂಡು), ಹಳು (ಪೊದೆಗಾಡು) ಅನ್ನುವ ಮಾತೆಲ್ಲ ನನಗೆ ಅಜ್ಜನ ಬಾಯಿಂದ ಬಂದದ್ದು, ಕೆಲಸ ಕಲಿತದ್ದು ಇಲ್ಲಿ. ನನ್ನ ನಾಯಿ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಜಾತಿಯದು. ಮೈತುಂಬ ಕಂದು ಚುಕ್ಕಿ ಇರುವುದರಿಂದ ಹೆಸರೂ ಚುಕ್ಕಿ.

ಹೊರ ರಾಜ್ಯದವರಿಗೆ ಸೌತ್ ಡಕೋಟಾ ಕೊಡುವ ಲೈಸೆನ್ಸ್ ಐದೈದು ದಿನದ ಎರಡು ಕಂತು. ನಾಲ್ಕು ವರ್ಷದಿಂದ ನಾನು ಒಂದು ಕಂತನ್ನು ದುಡ್ಡು ಕೊಟ್ಟು ರೈತರ ಜಮೀನಿನಲ್ಲಿ, ಇನ್ನೊಂದನ್ನು ಯಾರು ಬೇಕಾದರೂ ಹೋಗಬಹುದಾದ ಸರ್ಕಾರಿ ಜಾಗದಲ್ಲಿ ಕಳೆಯುತ್ತಿದ್ದೇನೆ. ಅದೇ ನಾಯಿ, ಅದೇ ಕೋವಿ. ಎರಡಕ್ಕೂ ಇರುವ ವ್ಯತ್ಯಾಸ ನಾನು ಅಂದುಕೊಂಡಿದ್ದಕ್ಕಿಂತ ತುಂಬ ಜಾಸ್ತಿ.

ಹಕ್ಕಿಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಫೆಸೆಂಟ್ ಅಮೆರಿಕದ ಹಕ್ಕಿಯಲ್ಲ. ಏಷ್ಯಾದಿಂದ ತಂದು ಬಿಟ್ಟದ್ದು. ನಮ್ಮ ಕಾಡುಕೋಳಿ, ನವಿಲು ಎಲ್ಲ ಇದರದ್ದೇ ಕುಟುಂಬ. ಸೌತ್ ಡಕೋಟಾದಲ್ಲಿ 1908ರ ಸುಮಾರಿಗೆ ರೆಡ್‌ಫೀಲ್ಡ್ ಕಡೆ ಬಿಟ್ಟ ಹಕ್ಕಿಗಳು ನೆಲೆ ನಿಂತವು. 1919ರಲ್ಲಿ ರೆಡ್‌ಫೀಲ್ಡ್ ಇರುವ ಸ್ಪಿಂಕ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಥರ) ಮೊದಲ ಬಾರಿ ಬೇಟೆಗೆ ಅವಕಾಶ ಕೊಟ್ಟರು. 1943ರಲ್ಲಿ ಅದು ರಾಜ್ಯದ ಹಕ್ಕಿಯೂ ಆಯಿತು. ಈಗ ಅಕ್ಟೋಬರ್ ಮೂರನೇ ಶನಿವಾರ ಶುರುವಾದರೆ ಜನವರಿ ಕೊನೆವರೆಗೆ ಬೇಟೆ. ಬೆಳಿಗ್ಗೆ ಹತ್ತು ಗಂಟೆಯಿಂದ ಸೂರ್ಯ ಮುಳುಗುವವರೆಗೆ. ಒಬ್ಬರಿಗೆ ದಿನಕ್ಕೆ ಮೂರು ಹುಂಜ, ಅಷ್ಟೇ. ಹೇಂಟೆಗೆ ಕೋವಿ ಎತ್ತುವಂತಿಲ್ಲ. ಸಾಗಿಸುವಾಗ ಹುಂಜ ಅಂತ ಗೊತ್ತಾಗಲು ತಲೆಯೋ, ಗರಿ ಇರುವ ರೆಕ್ಕೆಯೋ, ಕಾಲೋ ಹಕ್ಕಿಯ ಮೈಯಲ್ಲೇ ಇರಬೇಕು. ಈ ಲೆಕ್ಕ ಸರ್ಕಾರಿ ಜಾಗಕ್ಕೂ ಒಂದೇ, ರೈತರ ಹೊಲಕ್ಕೂ ಒಂದೇ.

ಮೊದಲು ರೈತರ ಹೊಲ. ಮೊದಲ ವರ್ಷ ನಾನು ಸೇರಿಕೊಂಡದ್ದು ಹನ್ನೆರಡು ಜನರ ಗುಂಪನ್ನು. ಅಲ್ಲಿನ ಪದ್ಧತಿ ನೋಡಿದ ಕೂಡಲೇ ಅಜ್ಜ ನೆನಪಾದರು. ಮಲೆನಾಡಿನ ಹಂದಿ ಬೇಟೆಯಲ್ಲಿ ಕೋವಿಯವರು ಬಿಲ್ಲಿನಲ್ಲಿ, ಅಂದರೆ ಪ್ರಾಣಿ ಬರುವ ದಾರಿ ಕಾಯುವ ಜಾಗದಲ್ಲಿ, ಕೂರುತ್ತಿದ್ದರಂತೆ, ಉಳಿದವರು ನಾಯಿ ಬಿಟ್ಟುಕೊಂಡು ಕೂಗು ಹಾಕುತ್ತಾ ಹಳು ನುಗ್ಗುತ್ತಿದ್ದರಂತೆ. ಇಲ್ಲೂ ಅದೇ! ಮೆಕ್ಕೆಜೋಳದ ಉದ್ದ ಪಟ್ಟಿ. ಎಂಟು ಜನ ಸಾಲಾಗಿ ಒಂದು ತುದಿಯಿಂದ ನಡೆದು ಬರುತ್ತಾರೆ, ನಾಲ್ಕು ಜನ ಇನ್ನೊಂದು ತುದಿಯಲ್ಲಿ ನಿಂತಿರುತ್ತಾರೆ. ಫೆಸೆಂಟ್ ಹಾರುವುದಕ್ಕಿಂತ ಓಡುವುದನ್ನೇ ಇಷ್ಟಪಡುತ್ತದೆ. ತುದಿಯಲ್ಲಿ ಜನ ಇಲ್ಲದಿದ್ದರೆ ಸಾಲಿನ ಒಳಗೇ ಓಡಿ ಪಕ್ಕದ ಹೊಲ ಸೇರಿಬಿಡುತ್ತದೆ. ಜನ ಇದ್ದರೆ ಕೊನೆಯ ಇಪ್ಪತ್ತು ಗಜದಲ್ಲಿ ಒಟ್ಟಿಗೆ ಎದ್ದುಬಿಡುತ್ತವೆ. ಒಂದೇ ಪಟ್ಟಿಯಿಂದ ನಲವತ್ತರವರೆಗೆ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಎದ್ದದ್ದು ಹೇಂಟೆಯೋ ಹುಂಜವೋ ಅಂತ ಗೊತ್ತಾಗಲು ಎಲ್ಲರೂ ‘ಹೆನ್! ಹೆನ್! ರೂಸ್ಟರ್!’ ಅಂತ ಕೂಗುತ್ತಾರೆ. ಮೈ ಜುಮ್ಮೆನ್ನುತ್ತದೆ, ಸುಳ್ಳು ಹೇಳುವುದಿಲ್ಲ.

ಆದರೆ ಚುಕ್ಕಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಪಾಯಿಂಟರ್ ಜಾತಿಯ ನಾಯಿ ಹಕ್ಕಿಯ ವಾಸನೆ ಹಿಡಿದು ಕಲ್ಲಿನಂತೆ ನಿಲ್ಲಬೇಕು, ನಾವು ಹೋಗಿ ಎಬ್ಬಿಸಬೇಕು. ಮೆಕ್ಕೆಜೋಳದಲ್ಲಿ ಹಕ್ಕಿ ಎಲ್ಲಿ ನಿಲ್ಲುತ್ತದೆ? ಎಲ್ಲ ಓಡುತ್ತಿರುತ್ತವೆ. ಅವಳು ನಿಂತಳು, ಮುಂದೆ ಏನೂ ಇಲ್ಲ. ಮತ್ತೆ ನಿಂತಳು, ಮತ್ತೆ ಏನೂ ಇಲ್ಲ. ಮೂರನೇ ಪಟ್ಟಿಯ ಹೊತ್ತಿಗೆ ನಿಲ್ಲುವುದನ್ನೇ ಬಿಟ್ಟು ಬೆನ್ನಟ್ಟತೊಡಗಿದಳು. ಎರಡು ವರ್ಷ ಕಲಿಸಿದ್ದು ಒಂದು ಮಧ್ಯಾಹ್ನದಲ್ಲಿ ಕೆಟ್ಟಿತು. ಅಂಥ ಕಡೆ ಲ್ಯಾಬ್ರಡಾರ್, ಸ್ಪ್ರಿಂಗರ್ ಸ್ಪ್ಯಾನಿಯಲ್ ಥರದ ನಾಯಿಯೇ ಸರಿ. ಕೋವಿಯ ಅಳತೆಯೊಳಗೆ ಓಡಾಡುತ್ತಾ ಹಕ್ಕಿಯನ್ನು ಎಬ್ಬಿಸುತ್ತವೆ, ಬಿದ್ದದ್ದನ್ನು ತಂದು ಕೈಗೆ ಕೊಡುತ್ತವೆ.

ಇನ್ನೂ ದೊಡ್ಡ ವಿಷಯ ಭಯ. ತಗ್ಗಿನಲ್ಲಿ ಎದ್ದ ಒಂದು ಹುಂಜಕ್ಕೆ ಗುಂಪಿನಲ್ಲಿ ಒಬ್ಬರು ಈಡು ಹೊಡೆದರು. ಚರೆ ಚುಕ್ಕಿಯ ಮುಂದಿದ್ದ ಮೆಕ್ಕೆಜೋಳದ ಎಲೆಗಳನ್ನು ಸವರಿಕೊಂಡು ಹೋಯಿತು. ಒಣ ಎಲೆ ಹರಿದು ಬಿದ್ದದ್ದನ್ನು ಕಣ್ಣಾರೆ ಕಂಡೆ. ಹಕ್ಕಿಯ ಕೆಳಗೆ ಆಕಾಶ ಕಾಣದಿದ್ದರೆ ಈಡು ಹೊಡೆಯಬಾರದು, ಇದು ನಾಯಿ ಇರುವ ಬೇಟೆಯ ಮೊದಲ ನಿಯಮ. ಗುರುತಿಲ್ಲದ ಹನ್ನೊಂದು ಜನರ ಕೈಯಲ್ಲಿ ನನ್ನ ನಾಯಿಯ ಜೀವ ಇಡುವುದಿಲ್ಲ ಅಂತ ಅವತ್ತೇ ತೀರ್ಮಾನಿಸಿದೆ.

ಎರಡನೇ ವರ್ಷ ಇನ್ನೊಂದು ಕಡೆ ಹೋದೆ. ಊಟ, ರೂಮು, ಗೈಡ್ ಎಲ್ಲ ಸೇರಿ ಮೂರು ದಿನಕ್ಕೆ ಸಾವಿರ ಡಾಲರ್ ದಾಟಿತು. ‘ಎಲ್ಲ ಕಾಡಿನ ಹಕ್ಕಿ’ ಅಂದಿದ್ದರು. ಸಂಜೆ ಶುಚಿ ಮಾಡುವಾಗ ಒಂದು ಹುಂಜದ ಕೊಕ್ಕಿನ ಬುಡ ನೋಡಿದೆ. ಮೂಗಿನ ಎರಡು ಹೊಳ್ಳೆಗೂ ನಡುವೆ ದುಂಡನೆಯ ತೂತು, ಈ ಕಡೆಯಿಂದ ಆ ಕಡೆಗೆ ಬೆಳಕು ಕಾಣುತ್ತಿತ್ತು. ಫಾರ್ಮಿನಲ್ಲಿ ಸಾಕುವಾಗ ಒಂದನ್ನೊಂದು ಕುಕ್ಕದಿರಲಿ ಅಂತ ಹಕ್ಕಿಗೆ ಪ್ಲಾಸ್ಟಿಕ್ ಕಣ್ಣುಪಟ್ಟಿ ಹಾಕುತ್ತಾರೆ, ಅದರ ಕಡ್ಡಿ ಮೂಗಿನಲ್ಲಿ ಹಾದುಹೋಗಿರುತ್ತದೆ. ಆ ತೂತು ಅದರದ್ದು. ಬಾಲದ ಗರಿಯೂ ತಂತಿ ಬಲೆಗೆ ಉಜ್ಜಿ ಸವೆದಿತ್ತು. ಸಾಕಿದ ಹಕ್ಕಿ ಬಿಟ್ಟು ಬೇಟೆ ಆಡಿಸುವುದು ಇಲ್ಲಿ ಕಾನೂನುಬದ್ಧ, ಅದಕ್ಕೇ ಬೇರೆ ಲೈಸೆನ್ಸ್, ಬೇರೆ ನಿಯಮ ಇವೆ. ಮರಿ ನಾಯಿಗೆ ಕಲಿಸಲು ಅದು ಒಳ್ಳೆಯ ಜಾಗವೇ. ಆದರೆ ಹೇಳಿ ಮಾಡಬೇಕು. ಕಾಡಿನ ಹಕ್ಕಿ ಅಂತ ಹೇಳಿ ಅದನ್ನು ಕೊಟ್ಟದ್ದು ನನಗೆ ಈಗಲೂ ಬೇಜಾರು. ದುಡ್ಡು ಕಟ್ಟುವ ಮೊದಲು ‘ಹಕ್ಕಿ ಬಿಡ್ತೀರಾ, ಯಾವಾಗ ಬಿಡ್ತೀರಾ’ ಅಂತ ನೇರವಾಗಿ ಕೇಳಿ.

ಮೂರನೇ ವರ್ಷದಿಂದ ಹ್ಯುರಾನ್ ಹತ್ತಿರ ಒಂದು ರೈತ ಕುಟುಂಬದ ಜಮೀನು. ಗೈಡ್ ಇಲ್ಲ, ಊಟ ಇಲ್ಲ. ಒಂದು ಕೋವಿಗೆ ದಿನಕ್ಕೆ 150 ಡಾಲರ್. ನಾನು, ಸಕಲೇಶಪುರದ ಕಡೆಯ ಒಬ್ಬ ಗೆಳೆಯ, ಚುಕ್ಕಿ, ಅಷ್ಟೇ. ಗಾಳಿ ತಡೆಯಲು ನೆಟ್ಟ ಮರದ ಸಾಲು, ಅದರ ಪಕ್ಕ ಬಿತ್ತದೆ ಬಿಟ್ಟ ಹುಲ್ಲು. ಹೀಗೆ ಹೊಲ ಬಿಟ್ಟು ಹುಲ್ಲು ಬೆಳೆಸಿದರೆ 1985ರ ಕಾನೂನಿನ ಪ್ರಕಾರ ಕೇಂದ್ರ ಸರ್ಕಾರ ರೈತರಿಗೆ ವರ್ಷಕ್ಕಿಷ್ಟು ಅಂತ ಹಣ ಕೊಡುತ್ತದೆ. ಫೆಸೆಂಟ್ ಮೊಟ್ಟೆ ಇಡುವುದು ಆ ಹುಲ್ಲಿನ ಬುಡದಲ್ಲಿ. ಅಲ್ಲಿ ಚುಕ್ಕಿ ಮತ್ತೆ ನಿಲ್ಲಲು ಕಲಿತಳು. ಇಡೀ ದಿನ ನಮ್ಮನ್ನು ಬಿಟ್ಟರೆ ಯಾರೂ ಇಲ್ಲ, ಆತುರವೂ ಇಲ್ಲ. ದುಡ್ಡು ಕೊಟ್ಟು ಹೋಗುವುದೇ ಆದರೆ ನನ್ನ ಓಟು ಇಂಥ ಜಾಗಕ್ಕೆ.

ಇನ್ನು ಸರ್ಕಾರಿ ಜಾಗ. ರಾಜ್ಯದ್ದು ಒಂದು ಬಗೆ, ಕೇಂದ್ರದ್ದು ಇನ್ನೊಂದು. ಕೇಂದ್ರದವರು ಬಾತುಕೋಳಿಗಳು ಮೊಟ್ಟೆ ಇಡಲಿ ಅಂತ ಕೊಂಡ ಜೌಗು ಹುಲ್ಲುಗಾವಲುಗಳಲ್ಲೂ ಫೆಸೆಂಟ್ ಬೇಟೆಗೆ ಬಿಡುತ್ತಾರೆ. ಇದಕ್ಕೆ ದುಡ್ಡು ಬಂದದ್ದು ಬಹುಪಾಲು ಬೇಟೆಗಾರರಿಂದಲೇ. 1934ರಿಂದ ಬಾತು ಬೇಟೆಗೆ ಸ್ಟ್ಯಾಂಪ್ ಕೊಳ್ಳಬೇಕು, ಆ ಹಣ ಜೌಗು ಕೊಳ್ಳಲು ಹೋಗುತ್ತದೆ. 1937ರ ಕಾನೂನಿನಂತೆ ಉದ್ದ ನಳಿಗೆಯ ಕೋವಿ, ತೋಟಾ ಮೇಲೆ ಶೇ. 11 ತೆರಿಗೆ ವನ್ಯಜೀವಿಗೆ ಮೀಸಲು. ನಾನು ತೋಟಾ ಕೊಳ್ಳುವಾಗಲೂ ಅದು ಸೇರಿರುತ್ತದೆ. ಹಾಗಾಗಿ ಆ ಜಾಗಕ್ಕೆ ಕಾಲಿಡುವಾಗ ನನ್ನದೇ ಅನ್ನುವ ಭಾವನೆ ಬರುತ್ತದೆ.

ಒಂದು ಎಚ್ಚರ. ರೈತರ ಹೊಲದಲ್ಲಿ ಸೀಸದ ಚರೆ ನಡೆಯುತ್ತದೆ. ರಾಜ್ಯ, ಕೇಂದ್ರದ ಇಂಥ ಬೇಟೆ ಜಾಗಗಳಲ್ಲಿ ನಡೆಯುವುದಿಲ್ಲ, ಉಕ್ಕಿನದೋ ಬಿಸ್ಮತ್‌ನದೋ ಬೇಕು. ಬಿಸ್ಮತ್ ಚೆನ್ನಾಗಿದೆ, ಆದರೆ ಒಂದು ತೋಟಾಕ್ಕೆ ಎರಡು ಡಾಲರ್‌ಗಿಂತ ಜಾಸ್ತಿ. ನಾನು ಜೇಬಿನಲ್ಲಿ ಗಲಿಬಿಲಿ ಬೇಡ ಅಂತ ಎಲ್ಲಾ ಕಡೆ ಉಕ್ಕಿನ 3ನೇ ನಂಬರಿನ (ಇದು ಚರೆಯ ಗಾತ್ರದ ನಂಬರು) ಚರೆಯನ್ನೇ ಬಳಸುತ್ತೇನೆ. 12 ಬೋರ್ ಕೋವಿಗೆ ಅದು ಸಾಕು.

ಅಕ್ಟೋಬರಿನಲ್ಲಿ ಸರ್ಕಾರಿ ಜಾಗ ನನಗೆ ಹಿಡಿಸಲಿಲ್ಲ. ಪ್ರತಿ ಗೇಟಿನ ಮುಂದೆ ಎರಡು ಪಿಕಪ್. ಬಿಸಿಲಿಗೆ ನಾಯಿ ಏದುಸಿರು ಬಿಡುತ್ತದೆ. ಹುಲ್ಲಿನ ಸುಂಕು (ತೆನೆಯ ಚೂಪು ಮುಳ್ಳು) ಬೇರೆ. ಚುಕ್ಕಿಯ ಕಾಲ್ಬೆರಳ ಸಂದಿಯಲ್ಲಿ ಒಂದು ಸುಂಕು ಹೊಕ್ಕು, ಕೀವಾಗಿ, ಡಾಕ್ಟರ್ ಕುಯ್ದು ತೆಗೆಯಬೇಕಾಯಿತು. ಅದು ಒಂದೇ ದಿಕ್ಕಿಗೆ ಒಳಕ್ಕೆ ಸರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಈಗ ಪ್ರತಿ ಸಂಜೆ ಬೆರಳ ಸಂದಿ, ಕಿವಿ, ಕಂಕುಳು ಬೆರಳಾಡಿಸಿ ನೋಡುತ್ತೇನೆ. ರೈತರ ಹೊಲದಲ್ಲಿ ಸುಂಕು ಕಡಿಮೆ, ಹಳೆಯ ಮುಳ್ಳುತಂತಿ ಜಾಸ್ತಿ. ಎರಡೂ ಕಡೆ ಮುಳ್ಳುಹಂದಿ ಇದೆ, ನಾಯಿಗೆ ಚುಚ್ಚಿದ ಮುಳ್ಳು ಕೀಳಲು ಇಕ್ಕಳ ಜೊತೆಯಲ್ಲಿರಲಿ.

ಡಿಸೆಂಬರಿನಲ್ಲಿ ಅದೇ ಜಾಗ ಬೇರೆಯೇ. ಜೌಗು ಹೆಪ್ಪುಗಟ್ಟುತ್ತದೆ. ಅಕ್ಟೋಬರಿನಲ್ಲಿ ತೊಡೆಯುದ್ದ ಕೆಸರು ಅಂತ ಯಾರೂ ನುಗ್ಗದ ಜೊಂಡಿನ ನಡುವೆ ಈಗ ನಡೆದುಹೋಗಬಹುದು. ಹಿಮ ಬಿದ್ದ ಮೇಲೆ ಹಕ್ಕಿಗಳು ಗಾಳಿ ತಪ್ಪಿಸಿಕೊಳ್ಳಲು ಸೇರುವುದೂ ಅಲ್ಲಿಗೇ. ಮಂಜುಗಡ್ಡೆ ನಾಲ್ಕು ಅಂಗುಲ ಇದೆಯಾ ಅಂತ ಕೊರೆದು ನೋಡದೆ ನಾನು ಕಾಲಿಡುವುದಿಲ್ಲ, ನಾಯಿಯನ್ನೂ ಬಿಡುವುದಿಲ್ಲ. ಕಾರಿನ ಬಾಗಿಲನ್ನು ದಡಾರ್ ಅಂತ ಹಾಕಬಾರದು. ಎರಡು ತಿಂಗಳಿಂದ ಬೇಟೆ ನೋಡಿದ ಹುಂಜ ಆ ಸದ್ದಿಗೇ ಇನ್ನೊಂದು ಕಡೆಯಿಂದ ಜಾಗ ಖಾಲಿ ಮಾಡುತ್ತದೆ.

ಹೋದ ಡಿಸೆಂಬರಿನ ಒಂದು ಮಧ್ಯಾಹ್ನ. ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಚುಕ್ಕಿ ಗಾಳಿಗೆ ಎದುರಾಗಿ ಹೋಗುತ್ತಿದ್ದವಳು ತಟ್ಟನೆ ತಲೆ ತಿರುಗಿಸಿದಳು, ನಿಂತಳು. ನಾಲ್ಕು ಹೆಜ್ಜೆ ಸರಿದಳು, ಮತ್ತೆ ನಿಂತಳು. ಹಕ್ಕಿ ಓಡುತ್ತಿದೆ. ಅವಳು ನನ್ನ ಕಡೆ ಒಂದು ಸಲ ನೋಡಿ, ಜಾಡು ಬಿಟ್ಟು, ಅರ್ಧ ವೃತ್ತ ಸುತ್ತಿ ಜೊಂಡಿನ ಆ ತುದಿಗೆ ಹೋಗಿ ನಮ್ಮ ಕಡೆಗೆ ಮುಖ ಮಾಡಿ ನಿಂತಳು. ಒಬ್ಬಳೇ ಬಿಲ್ಲಿಗೆ ನಿಂತ ಹಾಗೆ! ಅದನ್ನು ನಾನು ಕಲಿಸಿರಲಿಲ್ಲ. ಇಬ್ಬರ ನಡುವೆ ಸಿಕ್ಕಿಬಿದ್ದ ಹುಂಜ ಬೇರೆ ದಾರಿಯಿಲ್ಲದೆ ‘ಕಕ್ ಕಕ್ ಕಕ್’ ಅಂತ ಹಿಮ ಚಿಮ್ಮಿಸಿಕೊಂಡು ನೆಟ್ಟಗೆ ಮೇಲೆದ್ದಿತು. ಕೆಳಗೆ ಪೂರ್ತಿ ಆಕಾಶ. ಒಂದೇ ಈಡು. ಅವಳು ತಂದು ಕೊಟ್ಟಾಗ ಕಾಲಿನ ಮುಳ್ಳು ನೋಡಿದೆ. ಉದ್ದ, ಕಪ್ಪು, ತುದಿ ಚೂಪು. ಆ ವರ್ಷದ ಮರಿಯ ಮುಳ್ಳು ಮೊಂಡಾಗಿರುತ್ತದೆ. ಇದು ಹಿಂದಿನ ಚಳಿಗಾಲವನ್ನೂ ದಾಟಿದ ಹುಂಜ. ಅವತ್ತು ದಿನವಿಡೀ ನಡೆದು ಕಂಡದ್ದು ಎಂಟು ಹಕ್ಕಿ, ಅದರಲ್ಲಿ ಮೂರು ಹುಂಜ, ಸಿಕ್ಕಿದ್ದು ಅದೊಂದೇ.

ಇವೆರಡರ ನಡುವೆ ಇನ್ನೊಂದಿದೆ, ‘ವಾಕ್-ಇನ್’ ಜಾಗ. ಜಮೀನು ರೈತರದ್ದೇ, ರಾಜ್ಯ ಅವರಿಗೆ ಹಣ ಕೊಟ್ಟು ಜನರನ್ನು ಬಿಡುವಂತೆ ಒಪ್ಪಿಸಿರುತ್ತದೆ. ನಡೆದೇ ಹೋಗಬೇಕು, ಗಾಡಿ ಇಲ್ಲ. ಕೆಲವು ಬಂಗಾರದಂಥ ಜಾಗ, ಕೆಲವನ್ನು ದನ ಮೇಯ್ದು ಅಂಗಳ ಮಾಡಿರುತ್ತವೆ. ರಾಜ್ಯದವರು ಪ್ರತಿ ವರ್ಷ ನಕ್ಷೆ ಪುಸ್ತಕ ಅಚ್ಚು ಹಾಕುತ್ತಾರೆ, ಹಳೆಯದನ್ನು ನಂಬಿ ಹೋಗಬೇಡಿ.

ನನ್ನನ್ನು ಕೇಳಿದರೆ, ಮೊದಲ ಸಲ ಹೋಗುವವರು, ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವವರು, ಎರಡು ವರ್ಷ ತುಂಬದ ನಾಯಿ ಇರುವವರು ಚಿಕ್ಕ ರೈತ ಕುಟುಂಬದ ಜಮೀನು ಹುಡುಕಿ. ನಾಯಿ ಕೆಲಸ ಕಲಿತಿದ್ದರೆ, ಕಾಲಿನಲ್ಲಿ ಶಕ್ತಿ ಇದ್ದರೆ, ಡಿಸೆಂಬರಿನ ಸರ್ಕಾರಿ ಜೌಗಿಗೆ ಸಮನಾದದ್ದು ಇಲ್ಲ. ವೀಸಾ ಮೇಲಿರುವ ನಮ್ಮವರಿಗೆ ಒಂದು ಮಾತು: ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇಲ್ಲದೆ ಕೋವಿ ಮುಟ್ಟಲೂ ಬೇಡಿ, ಮೊದಲು ವಕೀಲರನ್ನು ಕೇಳಿಕೊಳ್ಳಿ.

ಈ ವರ್ಷ ಎರಡೂ ಕಂತನ್ನು ಡಿಸೆಂಬರಿನ ಸರ್ಕಾರಿ ಜೌಗಿಗೇ ಹಾಕಿಕೊಂಡಿದ್ದೇನೆ. ರೈತರಿಗೆ ಫೋನ್ ಮಾಡಿ ಹೇಳಿದೆ. ‘ಬೇಟೆಗೆ ಬರದಿದ್ದರೂ ಪರವಾಗಿಲ್ಲ, ಚುಕ್ಕಿಯನ್ನು ಕರೆದುಕೊಂಡು ಕಾಫಿಗೆ ಬನ್ನಿ’ ಅಂದರು. ದಾರಿಯಲ್ಲೇ ಅಲ್ವಾ, ಹೋಗಿ ಬರುತ್ತೇವೆ.