ಹಳೆಯ ಥಿಂಕ್‌ಪ್ಯಾಡ್ ಟಿ480: ದುಡ್ಡು ಎಣಿಸುವ ಮೊದಲು ಎಫ್1 ಒತ್ತಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಮಾರುವವರೆಲ್ಲ ಆಡುವುದು ಒಂದೇ ಮಾತು: "ಕಂಪನಿ ಮಾಲು ಸರ್, ಒಂದು ಗೀರೂ ಇಲ್ಲ." ಗೀರು ಇದ್ದರೆ ಇರಲಿ, ನನಗೇನೂ ಅಭ್ಯಂತರವಿಲ್ಲ. ಆ "ಕಂಪನಿ" ತನ್ನ ಬೀಗವನ್ನು ತೆಗೆದುಕೊಂಡು ಹೋಗಿದೆಯೋ ಇಲ್ಲವೋ ಎಂಬುದಷ್ಟೇ ನನ್ನ ಪ್ರಶ್ನೆ. ಲೆನೊವೊ ಥಿಂಕ್‌ಪ್ಯಾಡ್ ಟಿ480 ಕೊಳ್ಳುವವರಿಗೆ ನಾನು ಹೇಳಬೇಕಾದದ್ದೂ ಮುಖ್ಯವಾಗಿ ಇದನ್ನೇ.

ನಾನು ತುಮಕೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. ಹಗಲು ಪ್ರಶ್ನೆಪತ್ರಿಕೆ, ಅಂಕಪಟ್ಟಿ. ಊಟವಾದ ಮೇಲೆ ಸ್ಕ್ರೂ ಡ್ರೈವರ್ ಅಥವಾ ಆಟ. ಈ ಮೂರಕ್ಕೂ ಒಂದೇ ಯಂತ್ರ ಬೇಕಿತ್ತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿಕೊಂಡು ಬರುತ್ತವೆ. ಬಿಚ್ಚಿದರೂ ಒಳಗೆ ಬದಲಿಸುವಂಥದ್ದು ಹೆಚ್ಚೇನೂ ಇರುವುದಿಲ್ಲ. ಟಿ480 ಹಾಗಲ್ಲ. 2018ರ ಈ ಯಂತ್ರದ ತಳದಲ್ಲಿರುವುದು ಆರು ಸ್ಕ್ರೂ. ಸಡಿಲಿಸಿದರೂ ಅವು ಮುಚ್ಚಳದಲ್ಲೇ ಉಳಿಯುತ್ತವೆ, ಮಂಚದಡಿ ಉರುಳಿಹೋಗುವುದಿಲ್ಲ. ಒಳಗೆ ರ‍್ಯಾಮಿಗೆ ಎರಡು ಗೂಡು, 2.5 ಇಂಚಿನ ಡಿಸ್ಕಿಗೆ ಒಂದು ಜಾಗ, ಸಿಮ್ ಮೋಡೆಮ್ ಕೂರಬೇಕಾದ ಕಡೆ ಗಿಡ್ಡ ಎಸ್‌ಎಸ್‌ಡಿಯೊಂದನ್ನು ಕೂರಿಸುವ ಅವಕಾಶ. ನನಗೆ ಇದು ₹16,500ಕ್ಕೆ ಸಿಕ್ಕಿತು. ಚೌಕಾಸಿ ಮಾಡಿದ್ದರೆ ಇನ್ನೂ ಇಳಿಯುತ್ತಿತ್ತೇನೋ, ಆದರೆ ಅಂಗಡಿಯವರು ನನ್ನ ತಪಾಸಣೆಯನ್ನೆಲ್ಲ ತಾಳ್ಮೆಯಿಂದ ಸಹಿಸಿದ್ದರು.

ಮೊದಲು ಹೊಕ್ಕ ಅಂಗಡಿಯಲ್ಲಿ ಆ ತಾಳ್ಮೆ ಇರಲಿಲ್ಲ. ಯಂತ್ರ ಆರಂಭವಾಗುವಾಗ ಎಫ್1 ಒತ್ತಿದೆ, ಪಾಸ್‌ವರ್ಡ್ ಕೇಳಿತು. "ಅದು ಇದ್ದರೆ ಏನಾಯಿತು ಸರ್, ವಿಂಡೋಸ್ ಚೆನ್ನಾಗಿ ನಡೆಯುತ್ತದಲ್ಲ" ಎಂದರು. ನಡೆಯುತ್ತದೆ, ಸುಳ್ಳಲ್ಲ. ಆದರೆ ಸೂಪರ್‌ವೈಸರ್ ಪಾಸ್‌ವರ್ಡ್ ಇರುವ ಯಂತ್ರದ ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಎದ್ದು ಯಂತ್ರವನ್ನು ಸಜ್ಜುಗೊಳಿಸುವ, ಎಫ್1 ಒತ್ತಿದರೆ ತೆರೆಯುವ ಮೂಲ ತಂತ್ರಾಂಶದಲ್ಲಿ, ನಮ್ಮದೇನೂ ನಡೆಯುವುದಿಲ್ಲ. ಸೆಕ್ಯೂರ್ ಬೂಟ್ (ನಂಬಿಕಸ್ಥರ ಸಹಿಯಿಲ್ಲದ ತಂತ್ರಾಂಶದಿಂದ ಯಂತ್ರ ಆರಂಭವಾಗದಂತೆ ತಡೆಯುವ ಏರ್ಪಾಡು) ಬದಲಿಸುವಂತಿಲ್ಲ, ಟಿಪಿಎಂ ಎಂಬ ಭದ್ರತಾ ಚಿಪ್ ಅಳಿಸುವಂತಿಲ್ಲ. ಕ್ರಯಪತ್ರ ನಮ್ಮ ಹೆಸರಿಗೆ, ಬೀಗದ ಕೈ ಹಳೆಯ ಮಾಲೀಕರ ಬಳಿ. ಬೋರ್ಡಿನ ಮೇಲಿನ ಪುಟ್ಟ ಬ್ಯಾಟರಿ ಕಿತ್ತು ಹಾಕಿದರೆ ಹೋಗುತ್ತದೆ ಎನ್ನುವವರ ಮಾತು ನಂಬಬೇಡಿ. ಆ ಪಾಸ್‌ವರ್ಡ್ ಕರೆಂಟ್ ಹೋದರೂ ಅಳಿಯದ ಚಿಪ್‌ನಲ್ಲಿ ಇರುತ್ತದೆ. ಅದು ಮರೆತುಹೋದರೆ ಮದರ್‌ಬೋರ್ಡನ್ನೇ ಬದಲಿಸಬೇಕು ಎನ್ನುವುದು ಲೆನೊವೊ ಕೊಡುವ ಅಧಿಕೃತ ಉತ್ತರ. ಕದ್ದವನ ಕೈಗೆ ಯಂತ್ರ ದಕ್ಕಬಾರದೆಂದು ಮಾಡಿದ ಏರ್ಪಾಡು ಅದು, ಒಳ್ಳೆಯದೇ. ನ್ಯಾಯವಾಗಿ ಕೊಂಡವನಿಗೂ ದಕ್ಕುವುದಿಲ್ಲ ಎನ್ನುವುದೇ ತಕರಾರು.

ಎರಡನೆಯ ಅಂಗಡಿಯಲ್ಲಿ ಬಯೋಸ್ ಸಲೀಸಾಗಿ ತೆರೆದುಕೊಂಡಿತು. ಅಲ್ಲೂ ಒಂದು ಸಾಲನ್ನು ತಪ್ಪದೆ ಓದಬೇಕು: ಸೆಕ್ಯೂರಿಟಿ ವಿಭಾಗದಲ್ಲಿರುವ ಅಬ್ಸಲ್ಯೂಟ್ ಪರ್ಸಿಸ್ಟೆನ್ಸ್. ಕಂಪನಿಗಳು ತಮ್ಮ ಲ್ಯಾಪ್‌ಟಾಪ್ ಎಲ್ಲಿದೆ ಎಂದು ಪತ್ತೆ ಹಚ್ಚಲು, ದೂರದಿಂದಲೇ ನಿಯಂತ್ರಿಸಲು ಬಳಸುವ ವ್ಯವಸ್ಥೆ ಇದು. ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದರೂ ಮತ್ತೆ ತಲೆ ಎತ್ತುವಂತೆ ಬಯೋಸ್‌ನಲ್ಲೇ ಬೇರು ಬಿಟ್ಟಿರುತ್ತದೆ. "ಎನೇಬಲ್ಡ್" ಎಂದಿದ್ದರೆ ಕೈ ಮುಗಿದು ಹೊರಗೆ ಬನ್ನಿ. ನನ್ನದರಲ್ಲಿ "ಡಿಸೇಬಲ್ಡ್" ಎಂದಿತ್ತು. ಮನೆಗೆ ಬಂದು ಅದನ್ನು "ಪರ್ಮನೆಂಟ್ಲಿ ಡಿಸೇಬಲ್ಡ್" ಮಾಡಿದೆ, ನಂತರ ನನ್ನದೇ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟೆ. ಅದನ್ನು ಬರೆದ ಚೀಟಿ ಬೀರುವಿನಲ್ಲಿ ಎಲ್‌ಐಸಿ ಬಾಂಡುಗಳ ಜೊತೆಗಿದೆ.

ಬ್ಯಾಟರಿ ಎರಡು: ಒಳಗೊಂದು, ಹಿಂದುಗಡೆ ಕಳಚಬಹುದಾದದ್ದು ಇನ್ನೊಂದು. ಯಂತ್ರ ಚಾಲೂ ಇರುವಾಗಲೇ ಹಿಂದಿನದನ್ನು ತೆಗೆದು ಬೇರೊಂದನ್ನು ಸಿಕ್ಕಿಸಬಹುದು, ಒಳಗಿನದು ಅಷ್ಟು ಹೊತ್ತು ನಿಭಾಯಿಸುತ್ತದೆ. ಹಿಂದಿನದು 24, 48, 72 ವ್ಯಾಟ್‌ಅವರ್ ಎಂಬ ಮೂರು ಗಾತ್ರದಲ್ಲಿ ಬರುತ್ತದೆ. ಅಂಗಡಿಯವರು ಕೊಡುವುದು ಸಾಮಾನ್ಯವಾಗಿ ಸಣ್ಣದು, ಅದೂ ಸವೆದದ್ದು. ವಿಂಡೋಸ್‌ನಲ್ಲೇ ಬ್ಯಾಟರಿ ವರದಿ ತೆಗೆಯುವ ಸೌಲಭ್ಯವಿದೆ. ಮೂಲ ಸಾಮರ್ಥ್ಯ ಎಷ್ಟು, ಈಗ ಉಳಿದಿರುವುದೆಷ್ಟು ಎಂದು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕೆಡವಿ ನೋಡುವ ಹವ್ಯಾಸವಿದ್ದವರು ಇನ್ನೊಂದು ನೆನಪಿಡಿ: ಮುಚ್ಚಳ ತೆಗೆಯುವ ಮುನ್ನ ಒಳಬ್ಯಾಟರಿಯನ್ನು ಬಯೋಸ್‌ನಿಂದಲೇ ನಿಷ್ಕ್ರಿಯಗೊಳಿಸಬೇಕು. ಬೀಗ ಬಿದ್ದ ಬಯೋಸ್ ಏಕೆ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ.

ಯಂತ್ರ ಕೈಗೆ ಬಂದೊಡನೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ಈ ಪೀಳಿಗೆಯ ಕೆಲವು ಥಿಂಕ್‌ಪ್ಯಾಡ್‌ಗಳ ಥಂಡರ್‌ಬೋಲ್ಟ್ ಎಂಬ ವೇಗದ ಕಿಂಡಿಯ ಫರ್ಮ್‌ವೇರ್‌ನಲ್ಲಿ (ಚಿಪ್‌ನೊಳಗೇ ಇರುವ ತಂತ್ರಾಂಶದಲ್ಲಿ) ದೋಷವಿತ್ತು. ಕಾಲ ಕಳೆದಂತೆ ಯುಎಸ್‌ಬಿ-ಸಿ ಕಿಂಡಿಯೇ ಕೆಲಸ ನಿಲ್ಲಿಸಬಹುದಿತ್ತು, ಚಾರ್ಜಿಂಗ್ ಕೂಡ ಅದರಲ್ಲೇ. ಲೆನೊವೊ ತಿದ್ದುಪಡಿ ಬಿಡುಗಡೆ ಮಾಡಿದೆ, ಹಿಂದಿನ ಮಾಲೀಕರು ಹಾಕಿರುತ್ತಾರೆಂದು ನೆಚ್ಚಿಕೊಳ್ಳಬೇಡಿ. ಕೊಳ್ಳುವಾಗ ಚಾರ್ಜರನ್ನು ಎರಡೂ ಸಿ-ಕಿಂಡಿಗಳಿಗೆ ಚುಚ್ಚಿ ನೋಡಿ.

ಪರದೆಯ ಬಗ್ಗೆ ಹೊಗಳುವಂಥದ್ದೇನಿಲ್ಲ. 1366×768ರ ಪರದೆಯ ಟಿ480 ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ; 1920×1080ರದ್ದನ್ನೇ ಕೇಳಿ. ಅದೂ ಮಂಕೇ, ಬಿಸಿಲಿಗೆ ಆಗದು. ಸ್ಪೀಕರ್ ಮೇಜಿನ ಜೊತೆ ಮಾತಾಡಿಕೊಳ್ಳುತ್ತದೆ. ಕೀಲಿಮಣೆ ಮಾತ್ರ ಎಲ್ಲ ಕೊರತೆಯನ್ನೂ ತುಂಬಿಕೊಡುತ್ತದೆ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ, ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿ, ಕೆ.ಪಿ. ರಾವ್ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡುತ್ತೇನೆ. ಒತ್ತಕ್ಷರಗಳ ರಾಶಿಯಿರುವ ಪ್ರಶ್ನೆಪತ್ರಿಕೆಯೂ ಬೆರಳಿಗೆ ಭಾರವೆನಿಸುವುದಿಲ್ಲ.

ಇನ್ನು ಆಟ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ ಟಿ480ಗಳೂ ಇವೆ, ಆದರೆ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಇಂಟೆಲ್‌ನ ಯುಎಚ್‌ಡಿ 620 ಮಾತ್ರ ಇರುವಂಥವು. ಈ ಚಿಪ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನಿಂದಲೇ ಎರವಲು. ಆದ್ದರಿಂದ 8 ಜಿಬಿಯ ಒಂದೇ ಕಡ್ಡಿ ಇದ್ದರೆ ಅಂಥದ್ದೇ ಇನ್ನೊಂದನ್ನು ಪಕ್ಕದ ಗೂಡಿಗೆ ಹಾಕಿ. ಎರಡು ದಾರಿಯಲ್ಲಿ ಮೆಮೊರಿ ಸಿಗುವುದರಿಂದ ಆಟ ತಡವರಿಸುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಸೈಬರ್ ಕೆಫೆಗಳ ಕಾಲದ ಕೌಂಟರ್-ಸ್ಟ್ರೈಕ್ 1.6 ನೀರು ಕುಡಿದಷ್ಟು ಸಲೀಸು. ಏಜ್ ಆಫ್ ಎಂಪೈರ್ಸ್ 2ರ ಹೊಸ ಆವೃತ್ತಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನ ಪ್ರೋಟಾನ್ (ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ) ಮೂಲಕ ಲಿನಕ್ಸ್‌ನಲ್ಲೇ ಓಡುತ್ತದೆ, ಚಿತ್ರದ ಗುಣಮಟ್ಟ ಇಳಿಸಿಕೊಳ್ಳಬೇಕು ಅಷ್ಟೆ. 2022ರಲ್ಲಿ ಅದಕ್ಕೆ ಭಾರತದ ರಾಜವಂಶಗಳ ಸೇರ್ಪಡೆ ಬಂದಾಗಿನಿಂದ ನನ್ನ ಸೈನ್ಯದಲ್ಲಿ ಉರುಮಿ (ಬಳುಕುವ ಕತ್ತಿ) ಹಿಡಿದ ವೀರರದ್ದೇ ಕಾರುಬಾರು. ಭಾರಿ ಯುದ್ಧ ಶುರುವಾದರೆ ಫ್ಯಾನ್ ಬುಸುಗುಡುತ್ತದೆ.

ಅಕ್ಕನ ಮಗ ಬಂದವನು ಕೇಳಿದ, "ಮಾವ, ಇದರಲ್ಲಿ ವ್ಯಾಲೊರಂಟ್ ಆಡಬಹುದಾ?" ಲಿನಕ್ಸ್‌ನಲ್ಲಿ ಆಗುವುದಿಲ್ಲ. ಮೋಸ ತಡೆಯಲೆಂದು ಆ ಆಟದ ಜೊತೆ ಬರುವ ವ್ಯಾನ್‌ಗಾರ್ಡ್ ವಿಂಡೋಸ್‌ನ ತಿರುಳಾದ ಕರ್ನಲ್ ಮಟ್ಟದಲ್ಲಿ, ಕಂಪ್ಯೂಟರ್ ಆರಂಭವಾದಾಗಿನಿಂದಲೇ ಕೂರುತ್ತದೆ. ವಿಂಡೋಸ್ 11ರಲ್ಲಾದರೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡನ್ನೂ ಕೇಳುತ್ತದೆ. ಮೋಸಗಾರರ ಕಾಟ ಅನುಭವಿಸಿದವರಿಗೆ ಅದರ ಅಗತ್ಯ ಗೊತ್ತು. ಆದರೂ ಮಕ್ಕಳ ಅಂಕಪಟ್ಟಿ, ನನ್ನ ಬ್ಯಾಂಕಿನ ವ್ಯವಹಾರ ಇರುವ ಯಂತ್ರದಲ್ಲಿ ಆಟದ ಕಂಪನಿಯೊಂದಕ್ಕೆ ಅಷ್ಟು ಒಳಗೆ ಜಾಗ ಕೊಡಲು ನನಗೆ ಇಷ್ಟವಿಲ್ಲ. ಅವನು ಮುಖ ಊದಿಸಿಕೊಂಡು ಸೂಪರ್‌ಟಕ್ಸ್‌ಕಾರ್ಟ್ ಆಡಿದ.

ಬಿಚ್ಚುವ ಹುಚ್ಚು ಹೆಚ್ಚಿದ್ದವರಿಗೆ ಈ ಯಂತ್ರದಲ್ಲಿ ಇನ್ನೂ ಒಂದು ಆಕರ್ಷಣೆ ಇದೆ. ಅನ್ಯರ ಫರ್ಮ್‌ವೇರ್ ಓಡದಂತೆ ಇಂಟೆಲ್ ಇಟ್ಟ ಬೂಟ್ ಗಾರ್ಡ್ ಎಂಬ ಕಾವಲು ಇದರಲ್ಲಿದೆ. ಇಂಟೆಲ್ ಚಿಪ್‌ಗಳೊಳಗೆ ಪ್ರತ್ಯೇಕವಾಗಿ ಓಡುವ ಮ್ಯಾನೇಜ್‌ಮೆಂಟ್ ಎಂಜಿನ್‌ನಲ್ಲಿ 2017ರಲ್ಲಿ ಬಯಲಾದ ಭದ್ರತಾ ಲೋಪವನ್ನೇ ಬಳಸಿಕೊಂಡು ಅದನ್ನು ದಾಟುವ ದಾರಿ ಕಂಡುಕೊಂಡಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಲಿಬ್ರೆಬೂಟ್ ಎಂಬ ಮುಕ್ತ ಬಯೋಸ್ ಟಿ480ಕ್ಕೂ ಬಂತು. ಅದನ್ನು ಹಾಕಲು ಬಯೋಸ್ ಇರುವ ಎಂಟು ಕಾಲಿನ ಚಿಪ್ಪಿಗೆ ಕಚ್ಚುವ ಕ್ಲಿಪ್, ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡ್, ನಡುಗದ ಕೈ ಬೇಕು. ಕ್ಲಿಪ್ ಮತ್ತು ಪಿಕೊ ತಂದಿಟ್ಟುಕೊಂಡಿದ್ದೇನೆ. ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳು ಇದೇ ಯಂತ್ರದಲ್ಲಿರುವುದರಿಂದ ಏಪ್ರಿಲ್ ಕಳೆಯುವವರೆಗೆ ಅದಕ್ಕೆ ಕೈ ಹಾಕುವುದಿಲ್ಲ.