ಸೋರುವ ತಾರಸಿಗೆ ಬಿಳಿ ಲೇಪನವೋ, ಡಾಂಬರು ಹಾಳೆಯೋ, ಶೀಟಿನ ಮಾಡೋ?

ಉಡುಪಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾರಸಿ ಒಣಗುವುದೇ ಅಪರೂಪ. ನಮ್ಮ ಮನೆಯ ಮುಂಭಾಗಕ್ಕೆ ಒಂದು, ಆಮೇಲೆ ಕಟ್ಟಿದ ಹಿಂಭಾಗಕ್ಕೆ ಇನ್ನೊಂದು, ಪಕ್ಕದಲ್ಲೇ ಇರುವ ಅಕ್ಕನ ಮನೆಗೆ ಮತ್ತೊಂದು ಉಪಾಯ ಮಾಡಿಸಿದ್ದೇವೆ. ಹಾಗಾಗಿ ಒಂದೇ ಮಳೆಯಲ್ಲಿ ಮೂರನ್ನೂ ನೋಡಲು ಸಿಕ್ಕಿದೆ.

ಸೂರಿನಲ್ಲಿ, ಅಂದರೆ ಕೋಣೆಯೊಳಗಿಂದ ಕಾಣುವ ತಾರಸಿಯ ಅಡಿಭಾಗದಲ್ಲಿ, ಒದ್ದೆ ಕಲೆ ಎಲ್ಲಿಂದ ಬಂತೆಂದು ತಿಳಿಯದೆ ಮಾತ್ರ ದುಡ್ಡು ಸುರಿಯಬೇಡಿ. ಮಳೆಯಿಲ್ಲದ ಫೆಬ್ರವರಿಯಲ್ಲೂ ಸೂರು ಒದ್ದೆಯಾಗಿದ್ದರೆ ಮೇಲಿನ ಬಚ್ಚಲನ್ನೋ ಪೈಪನ್ನೋ ಮೊದಲು ನೋಡಿ. ಮಳೆ ಹಿಡಿದ ಮೇಲೆ ಕಂದು ಅಂಚಿನ ಉಂಗುರ ದೊಡ್ಡದಾಗುತ್ತಾ ಹೋದರೆ ತಾರಸಿಯದೇ ಸೋರಿಕೆ. ಭಯಪಡಬೇಕಾದದ್ದು ತುಕ್ಕಿನ ಗೆರೆಗೆ. ಅಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ. ನಮ್ಮ ಊಟದ ಕೋಣೆಯಲ್ಲಿ ಹೀಗೆ ತಟ್ಟಿದಾಗ ಅಂಗೈಯಗಲದ ಚಕ್ಕೆ ಕಳಚಿ ಬಿತ್ತು. ಹಿಂದಿದ್ದ ಸರಳು ಪದರ ಪದರವಾಗಿ ಎದ್ದಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಸಡಿಲವಾದುದನ್ನು ಕೆತ್ತಿ, ಸರಳನ್ನು ಉಜ್ಜಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ಈ ಕೆಲಸವನ್ನು ಕೆಳಗೆ ಹೇಳುವ ಮೂರರಲ್ಲಿ ಯಾವುದೂ ತಪ್ಪಿಸುವುದಿಲ್ಲ. ಸೂರಿಗೆ ಕೆಳಗಿನಿಂದ ಬಣ್ಣ ಬಳಿಯುವುದನ್ನಂತೂ ನಾನು ಉಪಾಯವೆಂದೇ ಎಣಿಸುವುದಿಲ್ಲ.

ಮುಂಭಾಗಕ್ಕೆ ಅಕ್ರಿಲಿಕ್ ಬಿಳಿ ಲೇಪನ. ಮೂರರಲ್ಲಿ ಅಗ್ಗದ್ದು ಇದೇ. ಬಿರುಕುಗಳನ್ನು ತುಂಬಿ, ನಡುವೆ ಫೈಬರ್ ಬಲೆ ಹಾಸಿ ಬಳಿದರು. ಬೇಸಿಗೆಯಲ್ಲಿ ಕೋಣೆ ತಂಪಾಗಿರುತ್ತದೆ, ಅದು ದೊಡ್ಡ ಲಾಭ. ಆದರೆ ವಾಟ (ನೀರು ಹರಿದುಹೋಗಲು ಕೊಡುವ ಇಳಿಜಾರು) ಸರಿಯಿಲ್ಲದ ಕಡೆ, ಮುಖ್ಯವಾಗಿ ನೀರು ಹೊರಹೋಗುವ ಕೊಳವೆಯ ಬಾಯಲ್ಲಿ, ನೀರು ನಿಂತು ಲೇಪನ ಗುಳ್ಳೆಯೆದ್ದು ಸುಲಿಯಿತು. ಕೆಲವು ವರ್ಷಕ್ಕೊಮ್ಮೆ ಮತ್ತೆ ಬಳಿಯಲೇಬೇಕು.

ಹಿಂಭಾಗಕ್ಕೆ ಬೆಂಕಿಯ ಜ್ವಾಲೆಯಿಂದ ಕರಗಿಸಿ ಅಂಟಿಸುವ 4 ಮಿ.ಮೀ. ಡಾಂಬರು ಹಾಳೆ. ಇದಕ್ಕೆ ತಾರಸಿ ಪೂರ್ತಿ ಒಣಗಿರಬೇಕು. ಮಾರ್ಚ್–ಏಪ್ರಿಲ್ ಬಿಟ್ಟರೆ ನಮ್ಮಲ್ಲಿ ಕಷ್ಟ. ಹಾಳೆಗಳು ಒಂದರ ಮೇಲೊಂದು 100 ಮಿ.ಮೀ. ಕೂರಬೇಕು, ಅಂಚು ಗೋಡೆಯ ಮೇಲೆ ಏರಿ ಅಲ್ಲಿ ಕೊರೆದ ಸೀಳಿನೊಳಗೆ ಸೇರಬೇಕು. ನೀರು ನಿಂತರೂ ಅಡುಗೆಮನೆಯಲ್ಲಿ ಒಂದು ಹನಿ ಕಂಡಿಲ್ಲ. ಆದರೆ ಕಪ್ಪು ಹಾಳೆ ಬಿಸಿಲನ್ನೆಲ್ಲ ಹೀರುತ್ತದೆ, ಹಲಸಿನ ಹಪ್ಪಳ ಒಣಗಿಸಲು ಬರಿಗಾಲಲ್ಲಿ ಹೋಗುವಂತಿಲ್ಲ. ಎಲ್ಲಾದರೂ ತೂತಾದರೆ ನೀರು ಹಾಳೆಯಡಿ ಹರಿದು ಬೇರೆಲ್ಲೋ ಇಳಿಯುತ್ತದೆ, ಮೂಲ ಹುಡುಕುವುದು ಬಲು ಕಷ್ಟ.

ಅಕ್ಕ ಕಬ್ಬಿಣದ ಪೈಪುಗಳ ಮೇಲೆ ಶೀಟು ಹಾಕಿಸಿದಳು. ಖರ್ಚು ಎಲ್ಲಕ್ಕಿಂತ ಹೆಚ್ಚು. ಆದರೆ ನೇರ ಮಳೆ ತಾರಸಿಗೆ ತಾಗುವುದೇ ಇಲ್ಲ. ಮಳೆಗಾಲದಲ್ಲೂ ಬಟ್ಟೆ ಒಣಗುತ್ತದೆ, ತೆಂಗಿನಕಾಯಿ, ಸೌದೆಗೆ ಜಾಗವಿದೆ. ಒಂದು ಬದಿಗೆ ಪಾರದರ್ಶಕ ಶೀಟು ಹಾಕಿದ್ದರಿಂದ ಅಡಿಕೆಗೂ ಬಿಸಿಲು ಸಿಗುತ್ತದೆ. ಕಂಬಗಳನ್ನು ಮಾತ್ರ ತಾರಸಿ ಕೊರೆದು ನಿಲ್ಲಿಸಲು ಬಿಡಬೇಡಿ. ಪಡುಗಾಳಿಯ ಮಳೆ ಬದಿಯಿಂದ ಎರಚುತ್ತದೆ, ಆದ್ದರಿಂದ ಆ ಕಡೆ ಮಾಡು ಸ್ವಲ್ಪ ಹೊರಚಾಚಿರಲಿ. ಸ್ಕ್ರೂಗಳ ರಬ್ಬರ್ ವಾಷರ್ ಬಿಸಿಲಿಗೆ ಸೀಳುತ್ತದೆ, ಮೇ ತಿಂಗಳಲ್ಲಿ ಒಮ್ಮೆ ನೋಡಿಸಬೇಕು.

ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ನಮ್ಮೂರಿಗೆ ನನ್ನ ಆಯ್ಕೆ ಶೀಟೇ. 1000 ಮಿ.ಮೀ. ಆಸುಪಾಸಿನ ಬೆಂಗಳೂರಿನಲ್ಲಿ ವಾಟ ಸರಿಪಡಿಸಿ ಬಿಳಿ ಲೇಪನ ಮಾಡಿಸಿದರೆ ಸಾಕು. ಲೇಪನವಾಗಲಿ ಹಾಳೆಯಾಗಲಿ, ಕೆಲಸ ಮುಗಿದು ಒಣಗಿದ ಮೇಲೆ ಕೊಳವೆಗಳ ಬಾಯಿ ಮುಚ್ಚಿ 25 ಮಿ.ಮೀ. ನೀರು ನಿಲ್ಲಿಸಿ, 48 ಗಂಟೆ ಸೂರನ್ನು ನೋಡಿ. ಬಾಕಿ ಹಣ ಕೊಡುವುದು ಆಮೇಲೆ.