ನಿದ್ರೆಗೆಂದು ಸುಳ್ಳು ಹೇಳಿ ತಂದ ಅಶ್ವಗಂಧ: 16 ತಿಂಗಳ ಅನುಭವ

ಅಶ್ವಗಂಧ ಚೂರ್ಣ ಹಾಲಿನಲ್ಲಿ ಕರಗುವುದಿಲ್ಲ. ಪೊಟ್ಟಣದ ಮೇಲೆ ‘ಬಿಸಿ ಹಾಲಿನೊಂದಿಗೆ ಸೇವಿಸಿ’ ಎಂದು ಅಚ್ಚು ಹಾಕಿಸಿದವರು ಒಮ್ಮೆಯಾದರೂ ಅದನ್ನು ತಾವೇ ಕಲಸಿ ಕುಡಿದಿರಲಾರರು ಎಂಬುದು ಮೊದಲ ವಾರದಲ್ಲೇ ನನಗೆ ಖಚಿತವಾಯಿತು. ಬಿಸಿ ಹಾಲಿಗೆ ಸುರಿದ ಪುಡಿ ಗಂಟುಗಟ್ಟಿ ಮೇಲೆ ತೇಲುತ್ತದೆ. ಗಂಟು ಬಾಯಲ್ಲಿ ಒಡೆದರೆ ಒಳಗಿನ ಒಣ ಪುಡಿ ನೇರವಾಗಿ ಗಂಟಲಿಗೆ ಹೋಗಿ ಕೆಮ್ಮು ಬರುತ್ತದೆ. ಕುಡಿದು ಮುಗಿಸಿದ ಮೇಲೆ ಕಾಫಿಯ ಚರಟದಂತಹ ಒಂದು ಪದರ ಲೋಟದ ತಳದಲ್ಲಿ ಹಾಗೆಯೇ ಕುಳಿತಿರುತ್ತದೆ.

ಇದಕ್ಕೆ ಒಂದು ಉಪಾಯ ಕಂಡುಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ಲೋಟಕ್ಕೆ ಮೊದಲು ಅರ್ಧ ಚಮಚ ತುಪ್ಪ ಹಾಕಿ, ಅದರ ಮೇಲೆ ಒಂದು ಚಮಚ ಚೂರ್ಣ ಉದುರಿಸಿ, ಚಮಚದ ಬೆನ್ನಿನಿಂದ ಎರಡನ್ನೂ ಲೋಟದ ಬದಿಗೆ ಒತ್ತಿ ಉಜ್ಜಬೇಕು. ಆಮೇಲೆ, ಗಂಜಿಗೆ ರಾಗಿ ಹಿಟ್ಟು ಕದಡುವ ಹಾಗೆ, ಒಂದೊಂದೇ ಚಮಚ ತಣ್ಣನೆಯ ಹಾಲು ಬಿಡುತ್ತ ತೆಳುವಾಗಿಸಿ, ಕೊನೆಯಲ್ಲಿ ಬಿಸಿ ಹಾಲು ಹೊಯ್ದು, ಎರಡು ಲೋಟಗಳ ನಡುವೆ ಆರೇಳು ಸಲ ಎತ್ತಿ ಸುರಿದರೆ ನೊರೆಯ ಕೆಳಗೆ ಪುಡಿ ಅಡಗುತ್ತದೆ. ಕುದುರೆಯ ಮೈವಾಸನೆ ಈ ಬೇರಿಗಿದೆ ಎಂದೇ ಅಶ್ವಗಂಧವೆಂಬ ಹೆಸರು ಬಂದದ್ದಂತೆ. ನನ್ನ ಮೂಗಿಗೆ ಅದು ಮಳೆಯಲ್ಲಿ ನೆನೆದ ಗೋಣಿಚೀಲದ ವಾಸನೆ. ಕಹಿಯೂ ಒಗರೂ ಸೇರಿದ ಅದರ ರುಚಿಯನ್ನು ತಡೆಯಲು ಎರಡು ಚಮಚ ಕಲ್ಲುಸಕ್ಕರೆ ಪುಡಿಯನ್ನೂ ಸೇರಿಸಿಕೊಳ್ಳುತ್ತಿದ್ದೆ. ಈ ಕಲ್ಲುಸಕ್ಕರೆಯ ವಿಷಯವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ನನಗೆ 47 ವರ್ಷ. ಮದುವೆಯಾಗಿ ಇಪ್ಪತ್ತು ವರ್ಷಗಳಾಗಿವೆ. ಮನಸ್ಸಿನಲ್ಲಿ ಆಸೆಯಿದ್ದರೂ ದೇಹ ಅರ್ಧದಲ್ಲೇ ಕೈಬಿಡುವುದು ಒಂದು ವರ್ಷದಿಂದ ಹೆಚ್ಚಾಗಿತ್ತು. ಯಾರಿಗೂ ಹೇಳಿಕೊಳ್ಳಲಾಗದೆ, ಮೈಸೂರಿನ ದೇವರಾಜ ಮಾರುಕಟ್ಟೆಯ ಕಡೆಗೆ ಹೋದವನು ಒಂದು ಗ್ರಂಧಿಗೆ ಅಂಗಡಿಯ ಮುಂದೆ ನಿಂತೆ. ನಸುಗುನ್ನಿ ಬೀಜ, ನೆಗ್ಗಿಲ ಮುಳ್ಳು, ಸಫೇದ್ ಮುಸಲಿ ಎಲ್ಲವೂ ಅಲ್ಲಿದ್ದವು. ಅವುಗಳಲ್ಲಿ ಹೆಸರು ಹೇಳಿ ಕೇಳಲು ನಾಚಿಕೆಯಾಗದ ವಸ್ತು ಅಶ್ವಗಂಧವೊಂದೇ ಎನಿಸಿ, 100 ಗ್ರಾಮಿನ ಪೊಟ್ಟಣವನ್ನು 140 ರೂಪಾಯಿಗೆ ಕೊಂಡೆ. ದಿನಕ್ಕೆ ಸುಮಾರು 3 ಗ್ರಾಮಿನ ಲೆಕ್ಕದಲ್ಲಿ ಅದು ಒಂದು ತಿಂಗಳಿಗೆ ಸಾಕಾಗುತ್ತದೆ. ನನ್ನಂತಹ ಸಂಬಳದವನಿಗೆ ಅದು ಹೊರೆಯೇನೂ ಅಲ್ಲ. ಮನೆಯಲ್ಲಿ ಪತ್ನಿ “ಇದೇನ್ರೀ ಹೊಸ ಪುಡಿ?” ಎಂದು ಕೇಳಿದಾಗ “ನಿದ್ರೆಗೆ” ಎಂದು ಹೇಳಿಬಿಟ್ಟೆ.

ಆ ಸುಳ್ಳು ಮೂರೇ ವಾರಗಳಲ್ಲಿ ನಿಜವಾಯಿತು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಕಚೇರಿಯ ಲೆಕ್ಕಪತ್ರಗಳನ್ನು ಕತ್ತಲಲ್ಲೇ ಕೂಡಿಸಿ ಕಳೆಯುತ್ತ ಮಲಗಿರುತ್ತಿದ್ದವನು ಬೆಳಗಿನ ಐದೂವರೆಯವರೆಗೆ ಒಂದೇ ಸಮನೆ ನಿದ್ರೆ ಮಾಡತೊಡಗಿದೆ. ಈ ಗಿಡದ ಸಸ್ಯಶಾಸ್ತ್ರೀಯ ಹೆಸರು ವಿಥಾನಿಯಾ ಸೋಮ್ನಿಫೆರಾ, ಮತ್ತು ಸೋಮ್ನಿಫೆರಾ ಎಂಬ ಲ್ಯಾಟಿನ್ ಪದಕ್ಕೆ ನಿದ್ರೆ ತರುವಂಥದ್ದು ಎಂದೇ ಅರ್ಥ ಎಂಬುದು ನನಗೆ ಆಮೇಲೆ ತಿಳಿಯಿತು. ಹಗಲಿನ ಸಿಡುಕು ಕಡಿಮೆಯಾಯಿತು. ಮಗಳು ಸಹ ಅದನ್ನು ಗಮನಿಸಿ ಹೇಳಿದಳು.

ಆದರೆ ಯಾವುದಕ್ಕಾಗಿ ಪೊಟ್ಟಣ ತಂದಿದ್ದೆನೋ ಆ ವಿಷಯದಲ್ಲಿ, ಒಂಬತ್ತು ಪೊಟ್ಟಣಗಳು ಖಾಲಿಯಾದರೂ, ಹೇಳಿಕೊಳ್ಳುವಂತಹ ಬದಲಾವಣೆ ಆಗಲಿಲ್ಲ. ಮನಸ್ಸು ನಿರಾಳವಾಗಿದ್ದುದರಿಂದ ಮೊದಲ ಒಂದೆರಡು ತಿಂಗಳು ಆಸೆ ಹೆಚ್ಚಿದಂತೆ ತೋರಿದ್ದು ನಿಜ. ನಿಮಿರುವಿಕೆಯ ತೊಂದರೆ ಮಾತ್ರ ಇದ್ದಲ್ಲೇ ಇತ್ತು. ನನ್ನ ಅನುಭವ ವಿಚಿತ್ರವೇನಲ್ಲ. ಮಾನಸಿಕ ಕಾರಣದಿಂದ ಬಂದ ಇದೇ ತೊಂದರೆಯುಳ್ಳ 95 ಮಂದಿಯ ಮೇಲೆ ಜಾಮನಗರದ ಆಯುರ್ವೇದ ಸಂಶೋಧಕರೇ 60 ದಿನಗಳ ಕಾಲ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಶ್ವಗಂಧ ತೆಗೆದುಕೊಂಡವರಿಗೂ ಔಷಧವಿಲ್ಲದ ಹುಸಿ ಪುಡಿ ತೆಗೆದುಕೊಂಡವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವೀರ್ಯಾಣುಗಳ ಸಂಖ್ಯೆ ಕಡಿಮೆಯಿದ್ದವರಲ್ಲಿ 90 ದಿನ ಬಳಸಿದ ಮೇಲೆ ಅದು ಏರಿದ್ದನ್ನು ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆಯಾದರೂ ಅದು ಸಂತಾನಕ್ಕೆ ಸಂಬಂಧಿಸಿದ ಪ್ರಶ್ನೆ, ನನ್ನದು ಬೇರೆ. ಅಂಗಡಿಗಳಲ್ಲಿ ಇವೆರಡನ್ನೂ ‘ಪುರುಷರ ಶಕ್ತಿ’ ಎಂಬ ಒಂದೇ ಮಾತಿನಲ್ಲಿ ಕಟ್ಟಿ ಕೊಡುತ್ತಾರೆ. ಲೈಂಗಿಕ ಸುಖದ ಸಾಮರ್ಥ್ಯ ಹೆಚ್ಚಿಸುತ್ತದೆ ಎಂದು ಔಷಧವನ್ನು ಜಾಹೀರಾತು ಮಾಡುವುದನ್ನು 1954ರ ಕಾಯ್ದೆ ನಿಷೇಧಿಸಿರುವುದರಿಂದಲೇ ಇರಬೇಕು, ಡಬ್ಬಿಗಳ ಮೇಲೆ ಮಾತಿಗಿಂತ ಹೆಚ್ಚಾಗಿ ಓಡುವ ಕುದುರೆಗಳೇ ಕಾಣಿಸುತ್ತವೆ.

ಹತ್ತನೆಯ ತಿಂಗಳಲ್ಲಿ ತಾಳ್ಮೆ ಕಳೆದುಕೊಂಡು ನಾನು ಮಾಡಿದ ತಪ್ಪನ್ನೂ ಬರೆಯಲೇಬೇಕು. ಅಶ್ವಗಂಧ, ಮುಸಲಿ, ಶಿಲಾಜಿತು ಸೇರಿದ ‘ನೂರಕ್ಕೆ ನೂರು ಗಿಡಮೂಲಿಕೆ’ಯ ಕ್ಯಾಪ್ಸೂಲುಗಳನ್ನು, 30ಕ್ಕೆ 1,850 ರೂಪಾಯಿ ಕೊಟ್ಟು, ಆನ್‌ಲೈನಿನಲ್ಲಿ ತರಿಸಿದೆ. ಹತ್ತು ತಿಂಗಳು ಚೂರ್ಣ ತಿಂದರೂ ಆಗದ ಕೆಲಸ ಒಂದೇ ಕ್ಯಾಪ್ಸೂಲಿನಿಂದ ಮುಕ್ಕಾಲು ಗಂಟೆಯಲ್ಲಿ ಆಯಿತು. ಮೊದಲ ದಿನ ಅಪಾರ ಸಂತೋಷವಾಯಿತು. ಆದರೆ ಮುಖ ಕೆಂಪಾಗಿ, ಮೂಗು ಕಟ್ಟಿ, ಹಣೆಯಲ್ಲಿ ಬಡಿತದಂತಹ ನೋವು ಶುರುವಾಗಿ, ಬೆಳಗಿನವರೆಗೂ ಇಳಿಯಲಿಲ್ಲ. ಮೂರನೆಯ ಕ್ಯಾಪ್ಸೂಲಿನ ಮರುದಿನ ತಲೆನೋವೆಂದು ವೈದ್ಯರ ಬಳಿಗೆ ಹೋದೆ. ಅವರು ಎರಡು ಪ್ರಶ್ನೆ ಕೇಳಿ ಸುಮ್ಮನಾದರು. ಮೂರನೆಯದಾಗಿ “ಏನು ತೊಗೊಂಡಿದ್ರಿ, ನಿಜ ಹೇಳಿ” ಎಂದರು.

ಗಿಡಮೂಲಿಕೆಯ ಹೆಸರಿನಲ್ಲಿ ಮಾರುವ ಇಂತಹ ಕ್ಯಾಪ್ಸೂಲುಗಳಲ್ಲಿ ಸಿಲ್ಡೆನಾಫಿಲ್ ಅಥವಾ ಟಡಲಾಫಿಲ್ ಎಂಬ, ನಿಮಿರುವಿಕೆಯ ತೊಂದರೆಗೆ ಕೊಡುವ ಆಧುನಿಕ ಔಷಧಗಳನ್ನು ಲೇಬಲ್ಲಿನಲ್ಲಿ ತಿಳಿಸದೆ ಬೆರೆಸಿದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಪತ್ತೆ ಹಚ್ಚಿ ಎಚ್ಚರಿಸಿದೆ. ನಾನು ತಿಂದದ್ದನ್ನು ಪ್ರಯೋಗಾಲಯಕ್ಕೆ ಕಳುಹಿಸಲಿಲ್ಲವಾದ್ದರಿಂದ ಅದರಲ್ಲಿ ಅದೇ ಇತ್ತೆಂದು ಹೇಳಲಾರೆ. ಬೇರಿನ ಪುಡಿ ಮುಕ್ಕಾಲು ಗಂಟೆಯಲ್ಲಿ ಹಾಗೆ ಕೆಲಸ ಮಾಡುವುದಿಲ್ಲ ಎಂದಷ್ಟೇ ವೈದ್ಯರು ಹೇಳಿದರು. ಹೃದಯದ ನೋವಿಗೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ನೈಟ್ರೇಟ್ ಮಾತ್ರೆಯವರು ತಿಳಿಯದೆ ಇಂಥದ್ದನ್ನು ನುಂಗಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಅದೇ ಮಾತ್ರೆ ಬಳಸುವ ನನ್ನ ಸಹೋದ್ಯೋಗಿಯೊಬ್ಬರಿಗೆ ಉಳಿದ ಕ್ಯಾಪ್ಸೂಲುಗಳಲ್ಲಿ ಐದನ್ನು ಕೊಡುವುದಾಗಿ ಒಪ್ಪಿಕೊಂಡಿದ್ದೆ ಎಂಬುದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ವೈದ್ಯರು ಬರೆದುಕೊಟ್ಟ ರಕ್ತಪರೀಕ್ಷೆಯ ಫಲಿತಾಂಶ ಮರುದಿನ ಬಂದಿತು. ಬರಿಹೊಟ್ಟೆಯಲ್ಲಿ ಸಕ್ಕರೆ 172, ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 8.6. ಅಂದರೆ ಸಕ್ಕರೆ ಕಾಯಿಲೆ. ಶಿಶ್ನದ ರಕ್ತನಾಳಗಳು ಒಂದೆರಡು ಮಿಲಿಮೀಟರ್ ಅಗಲದವು, ಹೃದಯದ ನಾಳಗಳು ಮೂರ್ನಾಲ್ಕು ಮಿಲಿಮೀಟರ್. ಸಕ್ಕರೆ ಕಾಯಿಲೆಯಲ್ಲಿ ನಾಳಗಳು ಕೆಡತೊಡಗಿದರೆ ಸಣ್ಣವೇ ಮೊದಲು ದೂರು ಕೊಡುತ್ತವೆ, ಎದೆ ಆಮೇಲೆ ಹೇಳುತ್ತದೆ ಎಂದು ಅವರು ಲೆಟರ್‌ಹೆಡ್ಡಿನ ಹಿಂಬದಿಯಲ್ಲಿ ಎರಡು ಕೊಳವೆಗಳ ಚಿತ್ರ ಬರೆದು ತೋರಿಸಿದರು.

ಈ ಚೂರ್ಣದ ಮೇಲೆ ನನಗಿರುವ ನಿಜವಾದ ದೂರು ಇದು. ಅದು ಏನೂ ಮಾಡದಿದ್ದರೆ ಎರಡನೆಯ ತಿಂಗಳಲ್ಲೇ ಎಸೆದು ವೈದ್ಯರ ಬಳಿಗೆ ಹೋಗುತ್ತಿದ್ದೆ. ಚೆನ್ನಾಗಿ ನಿದ್ರೆ ಕೊಟ್ಟು, ‘ಗುಣ ಶುರುವಾಗಿದೆ, ಇನ್ನೊಂದು ಪೊಟ್ಟಣ ನೋಡೋಣ’ ಎನ್ನುವಷ್ಟು ನೆಮ್ಮದಿ ಕೊಟ್ಟು, ಹತ್ತು ತಿಂಗಳು ನನ್ನನ್ನು ಮನೆಯಲ್ಲೇ ಕೂರಿಸಿತು. ಆ ಹತ್ತು ತಿಂಗಳೂ ಪ್ರತಿ ರಾತ್ರಿ, ಸಕ್ಕರೆ ಕಾಯಿಲೆಯ ಮೈಗೆ ಎರಡು ಚಮಚ ಕಲ್ಲುಸಕ್ಕರೆಯನ್ನು ನಾನೇ ಪ್ರೀತಿಯಿಂದ ಕಲಸಿ ಹಾಕಿದ್ದೇನೆ. ಸಿಟ್ಟಿನಲ್ಲಿ ಆಯುರ್ವೇದವನ್ನೇ ಬೈಯಲು ಹೊರಟವನು ಚರಕಸಂಹಿತೆಯ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯವಾದ ವಾಜೀಕರಣದ, ಅಂದರೆ ಕಾಮಶಕ್ತಿ ಹೆಚ್ಚಿಸುವ ಚಿಕಿತ್ಸೆಯ, ಭಾಗವನ್ನು ಓದಿ ಬೆಪ್ಪಾದೆ. ತುಪ್ಪ, ಹಾಲು, ಸಕ್ಕರೆ, ಉದ್ದುಗಳ ಯೋಗಗಳು, ಅಂದರೆ ಔಷಧ ಮಿಶ್ರಣಗಳು, ಅಲ್ಲಿ ಸಾಲುಸಾಲಾಗಿರುವುದು ನಿಜ. ಆದರೆ ದೇಹವನ್ನು ಮೊದಲು ಶುದ್ಧಿ ಮಾಡಿಕೊಳ್ಳದೆ ಈ ಔಷಧಗಳನ್ನು ಕೊಟ್ಟರೆ, ಕೊಳೆಯಾದ ಬಟ್ಟೆಗೆ ಬಣ್ಣ ಹಿಡಿಯದಂತೆ, ಫಲ ಸಿಗುವುದಿಲ್ಲವೆಂದೂ ಅಲ್ಲಿಯೇ ಹೇಳಿದೆ. ಪೊಟ್ಟಣದ ಮೇಲೆ ಯೋಗವನ್ನು ಅಚ್ಚು ಹಾಕಿದವರು ಬಟ್ಟೆಯ ಮಾತನ್ನು ಬಿಟ್ಟಿದ್ದಾರೆ.

ಸಕ್ಕರೆ ಕಾಯಿಲೆಯ ಮಾತ್ರೆಯ ಪ್ರಮಾಣ ಹೊಂದಿಸುವವರೆಗೆ ಚೂರ್ಣ ಬೇಡ, ಅದೂ ಸಕ್ಕರೆಯನ್ನು ಸ್ವಲ್ಪ ಇಳಿಸಬಹುದಾದ್ದರಿಂದ ಯಾವುದರ ಪರಿಣಾಮ ಯಾವುದು ಎಂದು ತಿಳಿಯದು ಎಂದು ವೈದ್ಯರು ಮೂರು ತಿಂಗಳು ನಿಲ್ಲಿಸಿದರು. ಹತ್ತು ತಿಂಗಳ ಬಳಕೆಯ ನಂತರ ನನ್ನ ಯಕೃತ್ತಿನ ಪರೀಕ್ಷೆ ಸರಿಯಾಗಿಯೇ ಬಂದಿತು. ಆದರೂ ಅಶ್ವಗಂಧದಿಂದ ಕೆಲವರಿಗೆ ಕಾಮಾಲೆಯಾದ ವರದಿಗಳಿವೆ, ಥೈರಾಯ್ಡ್ ಹಾರ್ಮೋನು ಏರುವುದುಂಟು, ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿಯೂ ಇದೆ. ಬೆಳಗಿನ 45 ನಿಮಿಷಗಳ ನಡಿಗೆ ಮತ್ತು ಮಾತ್ರೆಯಿಂದ ಎಚ್‌ಬಿಎ1ಸಿ 7.1ಕ್ಕೆ ಇಳಿಯಿತು. ಆ ವೇಳೆಗೆ, ಮೊದಲಿನಷ್ಟಲ್ಲದಿದ್ದರೂ, ದೇಹ ಮತ್ತೆ ಮಾತು ಕೇಳತೊಡಗಿತ್ತು.

ಚೂರ್ಣ ನಿಲ್ಲಿಸಿದ ಎರಡನೆಯ ವಾರ ಪತ್ನಿಗೆ ಎಲ್ಲವನ್ನೂ ಹೇಳಿದೆ. ಅವಳು ಬಟಾಣಿ ಸುಲಿಯುತ್ತಿದ್ದವಳು ತಲೆ ಎತ್ತದೆಯೇ, “ನಿದ್ರೆಯ ಪುಡಿಯ ಪೊಟ್ಟಣಾನ ಯಾರಾದರೂ ಷರ್ಟುಗಳ ಕೆಳಗೆ ಮುಚ್ಚಿಡ್ತಾರೇನ್ರೀ?” ಎಂದಳು. ಹತ್ತು ತಿಂಗಳು ಹಾಲು ಕಾಯಿಸಿಕೊಟ್ಟದ್ದು ತಿಳಿದೇ ಎಂಬುದು ಆಗ ಗೊತ್ತಾಯಿತು. ನಾವು ಈ ವಿಷಯವನ್ನು ಬಾಯಿಬಿಟ್ಟು ಮಾತನಾಡಿದ್ದು ಇಪ್ಪತ್ತು ವರ್ಷಗಳಲ್ಲಿ ಅದೇ ಮೊದಲು.

ವೈದ್ಯರ ಒಪ್ಪಿಗೆಯ ಮೇಲೆ ಮೂರು ತಿಂಗಳಿಂದ ಅರ್ಧ ಚಮಚ ಮತ್ತೆ ಶುರು ಮಾಡಿದ್ದೇನೆ, ಈ ಸಲ ನಿಜವಾಗಿಯೂ ನಿದ್ರೆಗೆ. ಆ ಕೆಲಸಕ್ಕೆ 140 ರೂಪಾಯಿ ನನಗೆ ಹೆಚ್ಚೆನಿಸುವುದಿಲ್ಲ. ಕಾಮೋತ್ತೇಜಕವೆಂದು ಕೇಳುವವರಿಗೆ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಕೊಳ್ಳುವುದಾದರೆ ಒಂದೇ ಘಟಕದ ಹೆಸರು ಬರೆದ ಬೇರಿನ ಚೂರ್ಣವನ್ನೇ ಕೊಳ್ಳಿರಿ. ಕಲ್ಲುಸಕ್ಕರೆ ಇಲ್ಲದ ಲೋಟದಲ್ಲಿ ಕಹಿ ಪೂರ್ತಿಯಾಗಿ ನಾಲಿಗೆಗೆ ಸಿಗುತ್ತದೆ, ಮತ್ತು ತಳದ ಚರಟ ಇವತ್ತಿಗೂ ಹೋಗಿಲ್ಲ. ಅದನ್ನು ತೊಳೆಯುವ ಕೆಲಸ ಈಗ ನನ್ನದು.